ಅಮೆರಿಕದಲ್ಲಿ ಹಾಕಿಸಿದ ಲಸಿಕೆ, ಏಳು ತಿಂಗಳಾದರೂ ಬಿಡದ ಭುಜನೋವು: ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದ ಅಮ್ಮನಿಗೆ ಫಾರ್ಮಸಿಯಲ್ಲಿ ಫ್ಲೂ ಲಸಿಕೆ ಹಾಕಿಸಿದೆವು. ಅಂದು ರಾತ್ರಿಯೇ ಭುಜ ನೋಯತೊಡಗಿತು. ಈಗ ಮೈಸೂರಿನಲ್ಲಿದ್ದಾರೆ. ಏಳು ತಿಂಗಳಾದರೂ ರವಿಕೆ ತೊಡಲು ಎಡಗೈ ಹಿಂದಕ್ಕೆ ಹೋಗುವುದಿಲ್ಲ. ಫಾರ್ಮಸಿಯ ಮೇಲೆ ಕೇಸು ಹಾಕಬಹುದೇ?

ಉತ್ತರ: ನೇರವಾಗಿ ಹಾಕುವಂತಿಲ್ಲ. ಅಲ್ಲಿಯ 1986ರ ಕಾನೂನಿನಂತೆ ಮೊದಲು ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಅರ್ಜಿ ಹಾಕಬೇಕು. ಎದುರು ಪಕ್ಷ ಅಮೆರಿಕದ ಆರೋಗ್ಯ ಇಲಾಖೆಯ ಕಾರ್ಯದರ್ಶಿ. ಹಣ ಬರುವುದು ಲಸಿಕೆಗಳ ಮೇಲಿನ ತೆರಿಗೆಯ ನಿಧಿಯಿಂದ. ಅಮ್ಮ ಆ ದೇಶದ ಪ್ರಜೆಯಲ್ಲ ಎಂಬುದು ಅಡ್ಡಿಯಲ್ಲ, ಲಸಿಕೆ ಅಲ್ಲಿ ಹಾಕಿಸಿದ್ದರೆ ಸಾಕು.

ಈ ತೊಂದರೆಗೆ ‘ಸಿರ್ವಾ’ ಎನ್ನುತ್ತಾರೆ. ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ ಇಳಿಯಬೇಕಾದ ಸೂಜಿಯನ್ನು ತೀರ ಮೇಲೆ, ಭುಜದ ಮೂಳೆಯ ಪಕ್ಕದಲ್ಲೇ ಚುಚ್ಚಿದರೆ ಒಳಗಿನ ಬರ್ಸಾ ಚೀಲಕ್ಕೆ ಲಸಿಕೆ ಹೋಗಿ ಉರಿಯೂತ ಏಳುತ್ತದೆ. 2017ರಿಂದ ಇದು ಪರಿಹಾರಕ್ಕೆ ಅರ್ಹವಾದ ಲಸಿಕೆ ಮತ್ತು ತೊಂದರೆಗಳ ಅಧಿಕೃತ ಪಟ್ಟಿಯಲ್ಲಿದೆ. ನೋವು 48 ಗಂಟೆಯೊಳಗೆ ಶುರುವಾಗಿ, ಚುಚ್ಚಿದ ಭುಜದಲ್ಲಷ್ಟೇ ಇದ್ದು, ಆ ಭುಜಕ್ಕೆ ಹಿಂದೆ ತೊಂದರೆ ಇರದೆ, ಬೇರೆ ಕಾರಣವೂ ಕಾಣದಿದ್ದರೆ ಲಸಿಕೆಯೇ ಕಾರಣವೆಂದು ಬೇರೆ ಸಾಬೀತು ಮಾಡಬೇಕಿಲ್ಲ. ಸಾಮಾನ್ಯವಾಗಿ ತೊಂದರೆ ಆರು ತಿಂಗಳು ದಾಟಿರಬೇಕು; ನಿಮ್ಮದು ದಾಟಿದೆ.

ಎಡವುವುದು ಹೆಚ್ಚಾಗಿ ಆ 48 ಗಂಟೆಯಲ್ಲೇ. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಕೊಂಡಿದ್ದು ಕೊನೆಗೆ ಡಾಕ್ಟರ ಬಳಿ ಹೋದರೆ ಚೀಟಿಯಲ್ಲಿ ‘ಎರಡು ತಿಂಗಳಿಂದ ಭುಜನೋವು’ ಎಂದಷ್ಟೇ ಬೀಳುತ್ತದೆ. ಎದುರಿನ ವಕೀಲರು ಹಿಡಿಯುವುದು ಅದನ್ನೇ. ಹಳೆಯ ಚೀಟಿ ತಿದ್ದಿಸಲು ಹೋಗಬೇಡಿ. ಮುಂದಿನ ಭೇಟಿಯಲ್ಲಿ ಲಸಿಕೆಯ ದಿನಾಂಕ, ಯಾವ ತೋಳು, ನೋವು ಶುರುವಾದ ಹೊತ್ತು, ಕೈ ಎಷ್ಟು ಮೇಲೇಳುತ್ತದೆ ಎಂಬುದನ್ನು ಬರೆಸಿ. ಅಂದು ರಾತ್ರಿ ಕಂಡದ್ದನ್ನು ನೀವೂ ಪ್ರಮಾಣಪತ್ರದಲ್ಲಿ ಹೇಳಬಹುದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ‘ಭುಜ ಹಿಡಿದುಕೊಂಡದ್ದು ಅದರಿಂದಲೇ’ ಎಂಬ ವಾದಕ್ಕೂ ಸಿದ್ಧರಾಗಿರಿ.

ಫಾರ್ಮಸಿಯಿಂದ ಲಸಿಕೆಯ ದಾಖಲೆಯನ್ನು ಈಗಲೇ ತರಿಸಿ, ತೋಳು ಸರಿಯಾಗಿ ನಮೂದಾಗಿದೆಯೇ ನೋಡಿ. ಎಡದ ಬದಲು ಬಲ ಎಂದಿರುವುದು ಅಪರೂಪವೇನಲ್ಲ.

ಗಡುವು ಮೊದಲ ನೋವಿನಿಂದ ಮೂರು ವರ್ಷ. ನೋವು, ಸಂಕಟಕ್ಕೆ ಗರಿಷ್ಠ 2,50,000 ಡಾಲರ್; ಚಿಕಿತ್ಸೆಯ ಖರ್ಚು ಬೇರೆ. ವಕೀಲರ ಫೀಸನ್ನೂ ಕೋರ್ಟೇ ಪ್ರತ್ಯೇಕವಾಗಿ ಕೊಡಿಸುತ್ತದೆ, ಅರ್ಜಿಗೆ ಆಧಾರವಿದ್ದರೆ ಸೋತಾಗಲೂ. ಪರಿಹಾರದಲ್ಲಿ ಪಾಲು ಕೇಳುವ ವಕೀಲರಿಂದ ದೂರವಿರಿ.

ಕೋವಿಡ್ ಲಸಿಕೆ ಈ ವ್ಯವಸ್ಥೆಯೊಳಗೆ ಬರುವುದಿಲ್ಲ. ಅದರ ಯೋಜನೆಯೇ ಬೇರೆ: ಲಸಿಕೆ ಹಾಕಿಸಿದ ದಿನದಿಂದ ಒಂದೇ ವರ್ಷದ ಗಡುವು, ವಕೀಲರ ಫೀಸನ್ನೂ ಅದು ಕೊಡುವುದಿಲ್ಲ. ಸರ್ಪಸುತ್ತಿನ ಲಸಿಕೆಯೂ ಪಟ್ಟಿಯಲ್ಲಿಲ್ಲ. ಫ್ಲೂ ಜೊತೆ ಅದನ್ನೂ ಅಂದೇ ಹಾಕಿದ್ದರೆ ಯಾವುದು ಯಾವ ತೋಳಿಗೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ.