ಲಿಂಗ್‌ಝಿ ಕುಡಿದರೆ ಕ್ಯಾನ್ಸರ್ ಹೋಗುತ್ತಾ?

ಪ್ರಶ್ನೆ: ಚೀನಾದವರು ಸಾವಿರಾರು ವರ್ಷದಿಂದ ಲಿಂಗ್‌ಝಿ ಅಣಬೆಯಲ್ಲಿ ಕ್ಯಾನ್ಸರ್ ವಾಸಿ ಮಾಡುತ್ತಿದ್ದಾರಂತೆ. ನಮ್ಮ ಅಡಿಕೆ ಮರದ ಬುಡದಲ್ಲೂ ಅದೇ ಬಂದಿದೆ. ಕುದಿಸಿ ಕುಡಿಯಬಹುದಾ?

ಉತ್ತರ: ಬೇಡ. ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬಂತು, ಜೊತೆಗೊಂದು ಮಸುಕು ಫೋಟೊ. ನಿಮ್ಮ ಮರಕ್ಕೆ ಬಂದಿರುವುದು ಅಣಬೆ ರೋಗ ಇರಬೇಕು. ಅದನ್ನು ತರುವುದು ಲಿಂಗ್‌ಝಿಯ ನೆಂಟ, ಅದೇ ಗ್ಯಾನೊಡರ್ಮ ಕುಲದ ಶಿಲೀಂಧ್ರ. ಅಣಬೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಬೇರು ಕೊಳೆತಿರುತ್ತದೆ. ಔಷಧಿ ಬೇಕಾಗಿರುವುದು ನಿಮಗಲ್ಲ, ತೋಟಕ್ಕೆ.

ಇನ್ನು ಆ ‘ಸಾವಿರಾರು ವರ್ಷ’. ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ದೊರೆಗಳ ಕಾಲದ್ದೆನ್ನುವ ಶೆನ್‌ನಾಂಗ್ ಔಷಧ ಗ್ರಂಥದಲ್ಲಿ ಆರು ಬಣ್ಣದ ‘ಝಿ’ ಅಣಬೆಗಳಿವೆ. ಕೆಂಪಿನದು ಕಹಿ, ಕಪ್ಪಿನದು ಉಪ್ಪು, ಹೀಗೆ ಒಂದೊಂದಕ್ಕೆ ಒಂದು ರುಚಿ. ತಿಂದರೆ ಮೈ ಹಗುರಾಗುತ್ತದೆ, ಮುಪ್ಪು ಬರುವುದಿಲ್ಲ ಅಂತ ಬರೆದಿದ್ದಾರೆ. ಕ್ಯಾನ್ಸರ್ ಮಾತೇ ಇಲ್ಲ.

ಇದನ್ನು ನಂಬದವರು ಚೀನಾದಲ್ಲೇ ಇದ್ದರು. 1596ರಲ್ಲಿ ಅಚ್ಚಾದ ಬೆನ್‌ಸಾವ್ ಗಾಂಗ್‌ಮು ಎಂಬ ಔಷಧ ಗ್ರಂಥದಲ್ಲಿ ವೈದ್ಯ ಲಿ ಶಿಝೆನ್ ಹೇಳುವುದು ಇದು: ಝಿ ಹುಟ್ಟುವುದು ಕೊಳೆತದ್ದರಿಂದ, ಮನುಷ್ಯನ ಮೈಮೇಲೆ ಗಡ್ಡೆ ಏಳುವ ಹಾಗೆ; ಇದನ್ನು ತಿಂದು ಅಮರರಾಗುತ್ತಾರೆ ಅನ್ನುವುದು ಶುದ್ಧ ಅಸಂಬದ್ಧ. ನೋಡಿ, ನೀವು ಗಡ್ಡೆಗೆ ಮದ್ದು ಅಂತೀರಿ, ಆತ ಅದನ್ನೇ ಮರದ ಗಡ್ಡೆ ಅಂದ!

‘ಮರವನ್ನೇ ಕರಗಿಸುವ ಅಣಬೆ ಗಡ್ಡೆ ಕರಗಿಸದೇ ಇರುತ್ತಾ?’ ಅಂತಲೂ ವಾದ ಬರುತ್ತದೆ. ಅದು ಕರಗಿಸುವುದು ಲಿಗ್ನಿನ್ನನ್ನು, ಅಂದರೆ ಮರಕ್ಕೆ ಗಟ್ಟಿತನ ಕೊಡುವ ವಸ್ತುವನ್ನು. ನಮ್ಮ ಮೈಯಲ್ಲಿ ಲಿಗ್ನಿನ್ ಇಲ್ಲ. ಕರಗಿಸುವ ಕಿಣ್ವವೂ ಗಂಟೆಗಟ್ಟಲೆ ಕುದಿಸಿದರೆ ಉಳಿಯುವುದಿಲ್ಲ. ಪಾತ್ರೆಯಲ್ಲಿ ಉಳಿಯುವುದು ಕಡು ಕಹಿ ಕಷಾಯ.

ಪ್ರಯೋಗ ಆಗಿಲ್ಲವಾ? ಆಗಿದೆ. 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 5 ಪ್ರಯೋಗ, 373 ರೋಗಿಗಳ ಲೆಕ್ಕ ನೋಡಿತು. ಕೀಮೊ, ರೇಡಿಯೇಷನ್ ಜೊತೆ ಕೊಟ್ಟಾಗ ಸ್ವಲ್ಪ ಅನುಕೂಲ ಕಂಡಿತು, ಅಷ್ಟೆ. ಇದನ್ನೇ ಮುಖ್ಯ ಚಿಕಿತ್ಸೆ ಮಾಡಿಕೊಳ್ಳಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಡಾಕ್ಟರಿಗೆ ಹೇಳದೆ ಸುಮ್ನೆ ಕುಡಿಯಬೇಡಿ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು.

ಯಾರೂ ಕೇಳದಿದ್ದರೂ ಹೇಳುತ್ತೇನೆ: ಚೀನೀ ವೈದ್ಯರ ಕಷಾಯಗಳಲ್ಲಿ ದಿನವೂ ಬಳಕೆಯಾಗುವುದು ಇನ್ನೊಂದು ಮರ ತಿನ್ನುವ ಶಿಲೀಂಧ್ರ, ಫುಲಿಂಗ್. ಪೈನ್ ಬೇರಿಗೆ ಅಂಟಿಕೊಂಡು ಮಣ್ಣೊಳಗೆ ಉಂಡೆಯಾಗಿ ಬೆಳೆಯುತ್ತದೆ. ಲಿಗ್ನಿನ್ ಬಿಟ್ಟು ಮರದ ನಾರಾದ ಸೆಲ್ಯುಲೋಸ್ ತಿನ್ನುತ್ತದೆ, ಹಾಗಾಗಿ ಮರ ಕಂದಾಗಿ ಪುಡಿಪುಡಿಯಾಗುತ್ತದೆ. ಉಂಡೆಯ ಹೊರಗೆ ಸುಕ್ಕುಗಟ್ಟಿದ ಕಪ್ಪು ಸಿಪ್ಪೆ, ಕೊಯ್ದರೆ ಒಳಗೆ ಬೆಳ್ಳಗೆ. ಬೀಜಿಂಗ್‌ನಲ್ಲಿ ಅದರ ಪುಡಿ ಹಾಕಿ ಕಾಗದದಷ್ಟು ತೆಳು ಹಾಳೆ ಸುಟ್ಟು, ನಡುವೆ ಜೇನು ಬೆರೆಸಿದ ಬೀಜಗಳ ಹೂರಣ ಇಟ್ಟು ಮಾರುತ್ತಾರೆ. ಅದನ್ನು ಬೇಕಾದರೆ ಧಾರಾಳವಾಗಿ ತಿನ್ನಿ.