ಹೆರಿಗೆ ಆದ ಮೇಲೂ ಆ ಇಂಜೆಕ್ಷನ್ ಯಾಕೆ?

ಬಸುರಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಅನ್ನುವುದು ಈಗ ತುಂಬಾ ಜನಕ್ಕೆ ಗೊತ್ತು. ಹೆರಿಗೆ ಆದ ಮೇಲಿನ ಕೆಲವು ವಾರಗಳಲ್ಲಿ ಅದು ಇನ್ನೂ ಜಾಸ್ತಿ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಇಂಜೆಕ್ಷನ್ ಅನ್ನು ಒಂಬತ್ತು ತಿಂಗಳು ತಪ್ಪದೆ ತೆಗೆದುಕೊಂಡವರು ಮನೆಗೆ ಹೋದ ವಾರದಲ್ಲೇ ನಿಲ್ಲಿಸಿಬಿಡುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಹೆರಿಗೆಯ ಹೊತ್ತಿಗೆ ರಕ್ತ ಹರಿದು ಹೋಗಬಾರದು ಎಂದು ದೇಹ ಮೊದಲೇ ತಯಾರಿ ನಡೆಸುತ್ತದೆ. ಹೆಪ್ಪುಗಟ್ಟಿಸುವ ಅಂಶಗಳು ಏರುತ್ತವೆ, ಅದನ್ನು ತಡೆಯುವ ಪ್ರೋಟೀನ್ ಎಸ್ ಇಳಿಯುತ್ತದೆ. ಬೆಳೆಯುವ ಗರ್ಭಕೋಶ ಕಾಲಿನಿಂದ ರಕ್ತ ಮೇಲೆ ಬರುವ ದಾರಿಯನ್ನು ಒತ್ತುತ್ತದೆ. ಎಡಗಾಲಿನ ರಕ್ತನಾಳದ ಮೇಲೆ ಒತ್ತಡ ಜಾಸ್ತಿ. ಅದಕ್ಕೇ ಬಸುರಿಯರಲ್ಲಿ ಹೆಪ್ಪು ಬಹುಪಾಲು ಎಡಗಾಲಲ್ಲೇ ಸಿಗುತ್ತದೆ. ಸಾವಿರ ಬಸುರಿಯರಲ್ಲಿ ಒಬ್ಬಿಬ್ಬರಿಗೆ ಮಾತ್ರ ಹೀಗಾಗುತ್ತದೆ, ನಿಜ. ಆದರೆ ಆ ಹೆಪ್ಪು ಕಾಲಿನಿಂದ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಇಂಜೆಕ್ಷನ್ ಎಲ್ಲರಿಗೂ ಬೇಕಿಲ್ಲ. ಹಿಂದೆ ಹೆಪ್ಪುಗಟ್ಟಿದವರಿಗೆ, ಎಪಿಎಲ್ಎ (ದೇಹದ ರೋಗನಿರೋಧಕ ಶಕ್ತಿಯೇ ರಕ್ತ ಹೆಪ್ಪುಗಟ್ಟಿಸುವ) ತೊಂದರೆ ಖಚಿತವಾದವರಿಗೆ ಬೇಕಾಗುತ್ತದೆ. ತೂಕ, ವಯಸ್ಸು, ಸಿಸೇರಿಯನ್, ಸೋಂಕು ಇವೆಲ್ಲ ಸೇರಿ ಅಪಾಯ ಏರಿದವರಿಗೂ ಬೇಕಾಗಬಹುದು. ಒಂದು ಅಬಾರ್ಷನ್ ಆಯಿತು ಎಂದು ಸುಮ್ನೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಹುಟ್ಟಿನಿಂದಲೇ ಹೆಪ್ಪುಗಟ್ಟುವ ಗುಣವಿದ್ದು, ಎರಡು ಅಥವಾ ಹೆಚ್ಚು ಬಾರಿ ಗರ್ಭ ನಷ್ಟವಾದವರ ಮೇಲೆ ನಡೆದ ಅಲೈಫ್-2 ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಪಾರಿನ್‌ನಿಂದ ಜೀವಂತ ಮಗು ಪಡೆದವರ ಪ್ರಮಾಣ ಹೆಚ್ಚಲಿಲ್ಲ. ಇನ್ನು ಬಿಪಿ ಏರದಿರಲೆಂದು ಕೊಡುವ ಇಕೋಸ್ಪ್ರಿನ್ (ಆಸ್ಪಿರಿನ್) ಬೇರೆಯೇ ಮಾತ್ರೆ. ಅದು ಈ ಇಂಜೆಕ್ಷನ್ ಜಾಗಕ್ಕೆ ಬರುವುದಿಲ್ಲ.

ನಾವು ಹೆಚ್ಚಾಗಿ ಕೊಡುವುದು ಹೆಪಾರಿನ್ ಜಾತಿಯ ಎನಾಕ್ಸಪರಿನ್. ಅದರ ಕಣ ದೊಡ್ಡದು, ಮಾಸು ದಾಟಿ ಮಗುವನ್ನು ಮುಟ್ಟುವುದಿಲ್ಲ. ಹೊಟ್ಟೆಗೆ ಚುಚ್ಚಿದರೆ ಮಗುವಿಗೆ ತಗುಲುತ್ತದಾ ಎಂದು ಹೆದರುತ್ತಾರೆ. ಸೂಜಿ ಇರುವುದು ಅರ್ಧ ಇಂಚು, ಚರ್ಮದ ಕೆಳಗಿನ ಕೊಬ್ಬಿನಲ್ಲೇ ನಿಲ್ಲುತ್ತದೆ. ಹೊಕ್ಕುಳಿನಿಂದ ಎರಡು ಇಂಚು ಪಕ್ಕದಲ್ಲಿ ಚರ್ಮವನ್ನು ಮಡಿಕೆ ಮಾಡಿ ಹಿಡಿಯಬೇಕು. ಸಿರಿಂಜಿನಲ್ಲಿರುವ ಗಾಳಿಗುಳ್ಳೆಯನ್ನು ಹೊರಗೆ ತಳ್ಳಬಾರದು. ನೇರ ಚುಚ್ಚಿ, ನಿಧಾನವಾಗಿ ಒತ್ತಿ, ಸೂಜಿ ತೆಗೆದ ಮೇಲೆ ಮಡಿಕೆ ಬಿಡಬೇಕು. ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ. ಮರುದಿನ ಇನ್ನೊಂದು ಪಕ್ಕ. ಈ ಔಷಧ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಕೆಲವು ಮನೆಗಳಿಗೆ ಅದು ದೊಡ್ಡ ವಿಷಯ, ಹಾಗಾಗಿ ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ನಮ್ಮ ಕರ್ತವ್ಯ.

ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರ ಕಥೆ ಕಷ್ಟದ್ದು. ನಮ್ಮಲ್ಲಿ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಹೆಪ್ಪುಗಟ್ಟದಿರಲೆಂದು ಅವರು ತೆಗೆದುಕೊಳ್ಳುವ ವಾರ್ಫರಿನ್, ಅಸಿಟ್ರಾಮ್ ಮಾತ್ರೆಗಳು ಮಾಸು ದಾಟುತ್ತವೆ. 6ರಿಂದ 12ನೇ ವಾರದಲ್ಲಿ ಮಗುವಿನ ಮೂಗು, ಮೂಳೆಗೆ ತೊಂದರೆ ಮಾಡಬಲ್ಲವು. ವಾರ್ಫರಿನ್ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಾಕಾಗುವವರಲ್ಲಿ ಆ ಅಪಾಯ ಕಡಿಮೆ. ಆದರೆ ತಾಯಿಯ ವಾಲ್ವನ್ನು ಕಾಯುವುದರಲ್ಲಿ ಹೆಪಾರಿನ್‌ಗಿಂತ ಈ ಮಾತ್ರೆಗಳೇ ಮೇಲು. ಯಾರದೋ ಮಾತು ಕೇಳಿ ಮಾತ್ರೆ ಬಿಟ್ಟರೆ ವಾಲ್ವ್‌ನಲ್ಲೇ ಹೆಪ್ಪು ಕೂರುತ್ತದೆ. ಇಂಥವರು ಬಸುರಿಯಾಗುವ ಮೊದಲೇ ಹೃದಯದ ಡಾಕ್ಟರನ್ನೂ ಹೆರಿಗೆ ಡಾಕ್ಟರಾದ ನಮ್ಮನ್ನೂ ಕಾಣಬೇಕು. ಆಗಿಬಿಟ್ಟಿದ್ದರೆ, ಮಾತ್ರೆ ಬಿಡದೆ ಅದೇ ವಾರ ಬನ್ನಿ.

ಹೆರಿಗೆ ನೋವು ಶುರುವಾದರೆ ಮುಂದಿನ ಡೋಸ್ ಚುಚ್ಚದೆ ಆಸ್ಪತ್ರೆಗೆ ಬನ್ನಿ, ಕೊನೆಯದು ಎಷ್ಟು ಗಂಟೆಗೆ ಎಂದು ಹೇಳಿ. ಸಣ್ಣ ಡೋಸ್ ಆಗಿದ್ದರೆ 12 ಗಂಟೆ, ದೊಡ್ಡದಾಗಿದ್ದರೆ 24 ಗಂಟೆ ಕಳೆಯದೆ ಬೆನ್ನಿಗೆ ಅರಿವಳಿಕೆ ಕೊಡುವುದಿಲ್ಲ.

ಈಗ ಬಾಣಂತನ. ಎಣ್ಣೆನೀರು, ಮೆಣಸಿನ ಸಾರು, ತಾಯಿಮನೆಯ ಆರೈಕೆ, ಇದರಲ್ಲಿ ಒಳ್ಳೆಯದು ತುಂಬಾ ಇದೆ. ಆದರೆ ನೀರು ಕುಡಿದರೆ ಹೊಟ್ಟೆ ಬರುತ್ತೆ ಎಂದು ಎರಡು ಲೋಟಕ್ಕೆ ನಿಲ್ಲಿಸುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಂಚ ಬಿಟ್ಟು ಇಳಿಯಗೊಡದಿರುವುದು ನಿಲ್ಲಬೇಕು. ಒಣಗಿದ ದೇಹ, ಅಲುಗದ ಕಾಲು ಸೇರಿದರೆ ಹೆಪ್ಪಿಗೆ ಅನುಕೂಲ. ಮೆದುಳಿನ ರಕ್ತನಾಳದಲ್ಲೂ ಹೆಪ್ಪು ಕಟ್ಟುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ಬಾಣಂತಿಯರಲ್ಲಿ ಇದನ್ನು ಕಂಡು ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಬಿಡದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಸೋಲುವುದು, ಇದನ್ನು ಸನ್ನಿ ಎಂದೋ ಗಾಳಿ ಎಂದೋ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಒಂದೇ ಕಾಲು ಬಾತು ಮೀನಖಂಡ ನೋಯುತ್ತಿದ್ದರೆ ಅದೇ ದಿನ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.

ಬಸುರಿಯಲ್ಲಿ ಇಂಜೆಕ್ಷನ್ ನಡೆದಿದ್ದರೆ ಹೆರಿಗೆಯ ನಂತರ ಸಾಮಾನ್ಯವಾಗಿ ಆರು ವಾರ ಬೇಕು. ಬರೀ ಸಿಸೇರಿಯನ್ ಕಾರಣಕ್ಕೆ ಶುರುವಾಗಿದ್ದರೆ ಕೆಲವರಿಗೆ ಹತ್ತು ದಿನ ಸಾಕು. ಡಿಸ್ಚಾರ್ಜ್ ಚೀಟಿಯಲ್ಲಿ ಕೊನೆಯ ತಾರೀಖು ಬರೆಸಿಕೊಳ್ಳಿ. ಹೆಪಾರಿನ್, ವಾರ್ಫರಿನ್ ಎರಡರಲ್ಲೂ ಎದೆಹಾಲು ಕೊಡಬಹುದು. ಹೆಪ್ಪು ತಡೆಯುವ ಹೊಸ ಮಾತ್ರೆಗಳಾದ ರಿವರೋಕ್ಸಬಾನ್, ಅಪಿಕ್ಸಬಾನ್ ಬಸುರಿಗೂ ಬೇಡ, ಹಾಲೂಡುವಾಗಲೂ ಬೇಡ. ಆರು ವಾರದ ಚೆಕಪ್‌ಗೆ ಬಂದಾಗ ಮುಂದಿನ ಮಗು ತಡೆಯುವ ಮಾತೂ ಆಗಲಿ. ಒಮ್ಮೆ ಹೆಪ್ಪುಗಟ್ಟಿದವರು ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳಬಾರದು. ಅವರಿಗೆ ಕಾಪರ್-ಟಿ ಆಗುತ್ತದೆ.