ಫಾಲೋಗೆ ಫಾಲೋ ಗುಂಪಿಗೆ ಸೇರಲಾ?

ಓದುಗರ ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ದಾರಿ), ಅಡಿಕೆ ತೋಟ, ಹಳೇ ಅಡುಗೆ ಅಂತ ಫೇಸ್‌ಬುಕ್ ಪೇಜಿನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಓದುವವರು ನೆಂಟರಿಷ್ಟರು ಮಾತ್ರ. 'ನೀವು ನನ್ನನ್ನು ಫಾಲೋ ಮಾಡಿ, ನಾನು ನಿಮ್ಮನ್ನು ಮಾಡ್ತೇನೆ' ಎನ್ನುವ ಗುಂಪಿಗೆ ಸೇರಲಾ? ಇಲ್ಲ, ಮಲಯಾಳದಲ್ಲಿ ಬರೆಯಲು ಶುರು ಮಾಡಲಾ?

ಉತ್ತರ: ಗುಂಪಿಗೆ ಖಂಡಿತ ಸೇರಬೇಡಿ. ಕನ್ನಡವನ್ನೂ ಬಿಡಬೇಡಿ. ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಬರೆಯುವ ಸುಮಾರು ಜನರಿಗೆ ಇದೇ ಚಿಂತೆ ಇದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನೀವು ಹಾಕಿದ ಪೋಸ್ಟ್ ನಿಮ್ಮ ಎಲ್ಲ ಫಾಲೋವರ್‌ಗಳಿಗೂ ಕಾಣುವುದಿಲ್ಲ. ಯಾರು ನಿಂತು ಓದಿಯಾರು, ಯಾರು ಕಮೆಂಟ್ ಹಾಕಿಯಾರು, ಯಾರು ಇನ್ನೊಬ್ಬರಿಗೆ ಕಳಿಸಿಯಾರು ಎಂದು ಫೇಸ್‌ಬುಕ್ ಅಂದಾಜು ಮಾಡಿ, ಅಂಥವರಿಗೆ ತೋರಿಸುತ್ತದೆ. ಗುಂಪಿನಿಂದ ಬಂದವರಿಗೆ ಸುರಂಗವೂ ಬೇಡ, ಅಡಿಕೆಯೂ ಬೇಡ. ನೋಡಿದರೂ ಸುಮ್ನೆ ಮುಂದೆ ಹೋಗುತ್ತಾರೆ. ಫಾಲೋವರ್ ಸಂಖ್ಯೆ ದೊಡ್ಡದಾಗುತ್ತದೆ, ಪೋಸ್ಟ್ ಅಲ್ಲೇ ಉಳಿಯುತ್ತದೆ. ದುಡ್ಡು ಕೊಟ್ಟು ತರುವ ಫಾಲೋವರ್‌ಗಳದ್ದೂ ಇದೇ ಕಥೆ. ಯೂಟ್ಯೂಬ್‌ನಲ್ಲಂತೂ ಹೀಗೆ ಪರಸ್ಪರ ಸಬ್‌ಸ್ಕ್ರೈಬ್ ಮಾಡಿಕೊಳ್ಳುವುದೇ ನಿಯಮಕ್ಕೆ ವಿರುದ್ಧ. 'ಲೈಕ್ ಮಾಡಿ, ಶೇರ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ' ಎಂದು ಕೇಳಿಕೊಳ್ಳುವುದನ್ನೂ ಬಿಡಿ. ಅಂಥ ಪೋಸ್ಟ್‌ಗಳನ್ನು ಹಿಂದೆ ತಳ್ಳುತ್ತೇವೆ ಎಂದು ಫೇಸ್‌ಬುಕ್ 2017ರಲ್ಲೇ ಹೇಳಿದೆ.

ಹಾಗಾದರೆ ಓದುಗರು ಬರುವುದು ಎಲ್ಲಿಂದ? ನಿಮಗೆ ಗೊತ್ತಿರುವ ವಿಷಯ ಯಾರಿಗೆ ಬೇಕೋ ಅಲ್ಲಿಂದ. ಸುರಂಗವನ್ನೇ ತೆಗೆದುಕೊಳ್ಳಿ. 'ಸುರಂಗ ನಮ್ಮ ಹಿರಿಯರ ಹೆಮ್ಮೆ' ಎಂದು ಶುರು ಮಾಡಿದರೆ ಓದಿದವರು ಹೌದಪ್ಪಾ ಎನ್ನುತ್ತಾರೆ, ಅಷ್ಟೇ. ಅದರ ಬದಲು ಹೀಗೆ ಶುರು ಮಾಡಿ ನೋಡಿ: 'ಸುರಂಗದ ನೀರು ಈ ವರ್ಷ ಬೇಗ ಸಣ್ಣದಾಯಿತಾ? ಒಳಗೆ ಮಣ್ಣು ಕುಸಿದು ನೀರಿಗೆ ಅಡ್ಡ ಬಂದಿರಬಹುದು.' ಆಮೇಲೆ ನಿಮ್ಮ ಗುಡ್ಡದ ಮುರಕಲ್ಲು (ಕೆಂಪು ಕಲ್ಲು) ಹೇಗಿದೆ, ಒಳಗೆ ಗಾಳಿ ಇದೆಯಾ ಎಂದು ತಿಳಿಯಲು ದೀಪ ಹಿಡಿದು ಹೋಗುವುದು ಯಾಕೆ, ನೀರನ್ನು ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿಸುತ್ತಿದ್ದದ್ದು, ಈಗ ಪೈಪಿನಲ್ಲಿ ಕೆರೆಗೆ ಬಿಡುವುದು, ಎಲ್ಲ ಬರೆಯಿರಿ. ಮೊಬೈಲಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಹಾಗಾಗಿ ಕೆಲಸಕ್ಕೆ ಬರುವ ಮಾತು ಮೇಲೆಯೇ ಇರಲಿ. ಬಾಯಾರಿನಲ್ಲೋ ಪಡ್ರೆಯಲ್ಲೋ ಸುರಂಗ ಇರುವ ಮನೆಯವರು ಇದನ್ನು ಓದಿದರೆ 'ನಮ್ಮಲ್ಲೂ ಹೀಗೇ ಆಗಿತ್ತು' ಎಂದು ಬರೆಯದೆ ಇರುವುದಿಲ್ಲ.

ಅವರು ಬರೆದಾಗ ನೀವು ಎಲ್ಲಿರುತ್ತೀರಿ ಎನ್ನುವುದು ಬಹಳ ಮುಖ್ಯ. ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾಗಬೇಡಿ. 'ನಿಮ್ಮ ಸುರಂಗ ಎಷ್ಟು ಕೋಲು ಉದ್ದ ಇದೆ? ಯಾವ ತಿಂಗಳವರೆಗೆ ನೀರು ಬರ್ತದೆ?' ಎಂದು ಕೇಳಿ. ಮನೆಗೆ ಬಂದವರನ್ನು ನಾವು ಹಾಗೇ ಕಳಿಸುತ್ತೇವಾ? ನನ್ನ ಪ್ರಕಾರ ಬರೆಯುವುದಕ್ಕೆ ಕೊಡುವಷ್ಟೇ ಸಮಯ ಉತ್ತರಿಸುವುದಕ್ಕೂ ಕೊಡಬೇಕು. ಮುಂದಿನ ಬರಹದ ವಿಷಯ ಜಾಸ್ತಿ ಸಲ ಸಿಗುವುದೂ ಅಲ್ಲೇ.

ವಾಟ್ಸಾಪ್‌ನಲ್ಲಿ ಕಂಡ ಕಂಡ ಗುಂಪಿಗೆಲ್ಲ ಲಿಂಕ್ ಎಸೆಯಬೇಡಿ. ವಿಷಯ ಬೇಕಾದವರಿಗೆ, 'ಮಾವ, ಮೊನ್ನೆ ನೀವು ಕೇಳಿದ್ದು ಇದರಲ್ಲಿದೆ' ಎಂದು ಒಂದು ಸಾಲು ಸೇರಿಸಿ ಕಳಿಸಿ.

ಹೊತ್ತನ್ನೂ ನೋಡಿಕೊಳ್ಳಿ. ನಮ್ಮ ಕಡೆಯ ಎಷ್ಟೋ ಜನ ಗಲ್ಫ್‌ನಲ್ಲಿದ್ದಾರೆ. ಇಲ್ಲಿ ರಾತ್ರಿ ಒಂಬತ್ತೂವರೆ ಆದಾಗ ದುಬೈಯಲ್ಲಿ ಎಂಟು. ಊರಿನ ಸುದ್ದಿಗೆ, ಅಡುಗೆಗೆ ಅದು ಒಳ್ಳೆಯ ಹೊತ್ತು. ಕೃಷಿಯ ವಿಷಯಕ್ಕೆ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಬಗ್ಗೆ ಆಗಸ್ಟಿನಲ್ಲಿ ಮೊದಲ ಸಲ ಬರೆದರೆ ತಡವಾಯಿತು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಬರೆಯಿರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎನ್ನುವ ಲೆಕ್ಕವನ್ನು ಪ್ರತಿ ವರ್ಷ ಹೊಸಬರು ಹುಡುಕುತ್ತಾರೆ.

ಇನ್ನು ಮಲಯಾಳದ ಮಾತು. ನಿಮಗೆ ಚೆನ್ನಾಗಿ ಬರುತ್ತದಾದರೆ ಬೇರೆಯಾಗಿ ಬರೆಯಿರಿ, ತಪ್ಪೇನಿಲ್ಲ. ಆದರೆ ಕಾಸರಗೋಡಿನ ಕನ್ನಡದಲ್ಲಿ, ಇಲ್ಲಿನ ಮಾತುಗಳಲ್ಲಿ ತೋಟದ ಬಗ್ಗೆ ಬರೆಯುವವರು ಕಡಿಮೆ. ನಿಮ್ಮ ಬಲವೇ ಅದು. 1956ರಿಂದ ನಾವು ಕೇರಳದಲ್ಲಿದ್ದೇವೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡಿ, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮಲಯಾಳ ಕಲಿತ ಮಕ್ಕಳಿದ್ದಾರೆ. ಅವರಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದುವುದು ನಿಧಾನ. ಅವರಿಗಾಗಿ ಅದೇ ಬರಹವನ್ನು ನಿಮ್ಮ ದನಿಯಲ್ಲಿ ಎರಡು ನಿಮಿಷ ಹೇಳಿ, ಸುರಂಗದ ಬಾಯಿ ತೋರಿಸಿ ವಿಡಿಯೋ ಮಾಡಿ ಹಾಕಿ. ಊರಿನ ಹೆಸರು ಬಿಡದೆ ಹೇಳಿ.

ತಿಂಗಳಿಗೊಮ್ಮೆ ಪೇಜಿನ ಇನ್‌ಸೈಟ್ಸ್ (ಯಾವ ಪೋಸ್ಟ್ ಎಷ್ಟು ಜನರನ್ನು ಮುಟ್ಟಿತು ಎಂದು ತೋರಿಸುವ ಪುಟ) ತೆರೆದು ನೋಡಿ. ಲೈಕಿನ ಲೆಕ್ಕ ಬಿಡಿ. ಯಾವ ಪೋಸ್ಟನ್ನು ಜನ ಶೇರ್ ಮಾಡಿದ್ದಾರೆ, ಯಾವುದರ ಕೆಳಗೆ ಗುರುತಿಲ್ಲದವರು ಪ್ರಶ್ನೆ ಕೇಳಿದ್ದಾರೆ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಅದರ ಮುಂದುವರಿಕೆಯನ್ನೇ ಮೊದಲು ಬರೆಯಿರಿ.